ಮೂರನೆಯ ಪ್ರತಿ

ಫೆಬ್ರವರಿ ೩, ಸೋಮವಾರ

ಬೆಳಿಗ್ಗೆ ಫೋಟೋಗಳ ಡಿಸ್ಕ್ ಸದ್ದು ಮಾಡತೊಡಗಿತು. ತಗಡಿನ ಮೇಲೆ ಉಗುರಿನಿಂದ ಬಡಿದ ಹಾಗೆ: ಬಡಿದು, ತಡೆದು, ಮತ್ತೆ ಬಡಿದು. ವೈರು ಕಿತ್ತು, ಟವೆಲ್ಲಿನಲ್ಲಿ ಸುತ್ತಿ, ಆಫೀಸಿಗೆ ಹೋಗುವ ದಾರಿಯಲ್ಲಿ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯಾಕೆ ಅದನ್ನು ವೈರಿಗೆ ಸಿಕ್ಕಿಸಿ, ಕಿವಿಯ ಹತ್ತಿರ ಹಿಡಿದು ಆಲಿಸಿದಳು.

"ಇದು ಹೋಯ್ತು ಸಾರ್. ಇನ್ನೊಂದು ಪ್ರತಿ ಇದೆ ತಾನೇ?"

"ಲ್ಯಾಪ್‌ಟಾಪಲ್ಲಿದೆ."

"ಹಾಗಾದ್ರೆ ಒಂದೇ. ಒಂದಿದೆ ಅಂದ್ರೆ ಒಂದೂ ಇಲ್ಲ ಅಂತಾನೇ ಲೆಕ್ಕ. ಮೂರಿರಬೇಕು. ಎರಡು ನಿಮ್ಮ ಮನೇಲಿ, ಮೂರನೇದು ಬೇರೆಯವರ ಮನೇಲಿ. ಬೆಂಕಿ ಬಿತ್ತು, ಕಳ್ಳ ಬಂದ ಅಂದ್ರೆ ಮನೇಲಿರೋ ಎರಡೂ ಒಟ್ಟಿಗೇ ಹೋಗ್ತವೆ."

"ಬೇರೆಯವರು ಅಂದ್ರೆ?"

"ಇಂಟರ್ನೆಟ್ಟಲ್ಲಿ ಇಡಬಹುದು."

"ಅದು ಯಾರ ಮನೆ?"

ಆಕೆ ನಕ್ಕಳು. "ಅದು ಯಾರಿಗೂ ಗೊತ್ತಿಲ್ಲ. ಬೇಡ ಅಂದ್ರೆ ನೀವು ನಂಬೋರ ಮನೇಲಿಡಿ."

ಎರಡು ಹೊಸ ಡಿಸ್ಕ್ ಕೊಂಡೆ. ನಾನು ನಂಬುವವರು ಯಾರು ಎಂದು ಸಂಜೆಯವರೆಗೂ ಯೋಚಿಸಿದೆ.

ಮಗಳು ಹುಟ್ಟಿದ ಬೆಳಗಿನಿಂದ ಹಿಡಿದು ಹತ್ತೊಂಬತ್ತು ವರ್ಷಗಳ ಫೋಟೋ, ಲಕ್ಷಕ್ಕೂ ಮೇಲೆ. ಪ್ರತಿಯೊಂದಕ್ಕೂ ಹೆಸರಿದೆ: ವರ್ಷ, ತಿಂಗಳು, ಜಾಗ, ಸಂಖ್ಯೆ, ಇದೇ ಕ್ರಮದಲ್ಲಿ. ಸ್ಕೂಲಿನ ರಜೆಗಳಲ್ಲಿ ಮಗಳೇ ಪಕ್ಕದಲ್ಲಿ ಕೂತು ಹೆಸರು ಟೈಪ್ ಮಾಡುತ್ತಿದ್ದಳು. ಸಂಖ್ಯೆ ತಪ್ಪಿದರೆ ನನ್ನನ್ನೇ ಗದರುತ್ತಿದ್ದಳು. ಈ ಮನೆಯಲ್ಲಿ ಅವಳದು ಅಂತ ಉಳಿದಿರುವುದು ಇವಿಷ್ಟೇ. ಇವೂ ಹೋದರೆ ಏನೂ ಇಲ್ಲ.

ಫೆಬ್ರವರಿ ೬, ಗುರುವಾರ

ಹೆಂಡತಿಯಿಂದ ಸಂದೇಶ. ಅವಳೂ ಮಗಳೂ ಊರಿನ ಆ ಕೊನೆಯಲ್ಲಿ ಬೇರೆ ಮನೆ ಮಾಡಿ ಆರು ತಿಂಗಳಾಗುತ್ತ ಬಂತು. ಕರೆಂಟು ಬಿಲ್ಲು, ಗ್ಯಾಸ್ ಪುಸ್ತಕ ಬಿಟ್ಟರೆ ಬೇರೆ ವಿಷಯಕ್ಕೆ ಬರೆದವಳಲ್ಲ. "ಫೋಟೋಗಳ ಒಂದು ಪ್ರತಿ ಕೊಡಿ. ಮಗಳು ಕೇಳ್ತಿದಾಳೆ."

ಸೋಮವಾರ ಡಿಸ್ಕ್ ಕೆಡುತ್ತದೆ, ಗುರುವಾರ ಪ್ರತಿ ಕೇಳುತ್ತಾಳೆ. ಇಷ್ಟು ವರ್ಷ ಕೇಳದವಳು. ವಕೀಲರು ಯಾರಾದರೂ ಹೇಳಿಕೊಟ್ಟಿರಬೇಕು. ಫೋಟೋ ಇಟ್ಟುಕೊಂಡು ಏನನ್ನು ಬೇಕಾದರೂ ಸಾಬೀತು ಮಾಡಬಹುದು. ವಿಮೆ ಕಂಪನಿಗೆ ನಷ್ಟ ಪರಿಶೀಲಿಸುವವನು ನಾನು. ನನ್ನ ಅನ್ನವೇ ಅದು.

"ಸದ್ಯಕ್ಕೆ ಆಗುವುದಿಲ್ಲ" ಎಂದು ಉತ್ತರಿಸಿದೆ. ಮಗಳಿಗೆ ಬೇಕಿದ್ದರೆ ಮಗಳೇ ಕೇಳಬಹುದು. ಅವಳು ನನ್ನೊಡನೆ ಮಾತಾಡುವುದಿಲ್ಲ. ಅವರು ಮನೆ ಬಿಡುವ ಮುಂಚೆ ಒಂದು ದಿನ, ಗೆಳತಿಯ ಮನೆಯಲ್ಲಿ ಓದಿಕೊಳ್ಳುತ್ತೇನೆ ಎಂದು ಹೋದವಳು ನಿಜಕ್ಕೂ ಅಲ್ಲಿದ್ದಾಳೆಯೇ ಎಂದು ಹೋಗಿ ನೋಡಿದೆ, ಇದ್ದಳು. ಹೇಳಿದ್ದು ನಿಜವೆಂದು ಖಚಿತವಾದ ಮೇಲೂ ಕೋಪವೇಕೆ, ನನಗೆ ಇಂದಿಗೂ ಅರ್ಥವಾಗಿಲ್ಲ.

ಫೆಬ್ರವರಿ ೯, ಭಾನುವಾರ

ಆಫೀಸಿನ ಯಾರ ಮನೆಯೂ ಸರಿಯಲ್ಲ. ಅವರು ನನಗಿಟ್ಟ ಅಡ್ಡಹೆಸರು ಭೂತಗನ್ನಡಿ. ಡಿಸ್ಕ್ ಕೈಗೆ ಸಿಕ್ಕರೆ ಭೂತಗನ್ನಡಿಯೊಳಗೆ ಏನಿದೆ ಎಂದು ಎಲ್ಲರೂ ಇಣುಕುತ್ತಾರೆ. ಉಳಿದವಳು ಅಕ್ಕ ಒಬ್ಬಳೇ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಬಾಗಿಲು ತೆರೆದ ಭಾವ, "ಬಂತು ನೋಡೇ ಭೂತಗನ್ನಡಿ" ಎಂದ. ಈ ಹೆಸರು ಅವನವರೆಗೆ ಹೇಗೆ ತಲುಪಿತೋ.

"ಏನೋ ಇದು, ಬಾಂಬಾ?" ಅಕ್ಕ ಡಬ್ಬಿಯನ್ನು ಅಲ್ಲಾಡಿಸಿದಳು.

"ಅಲ್ಲಾಡಿಸಬೇಡ. ಫೋಟೋ."

"ಯಾರ ಅಂಗಡಿ ಸುಟ್ಟಿದ್ದು, ಯಾರ ಕಾರು ಗುದ್ದಿದ್ದು?"

"ಆಫೀಸಿನದಲ್ಲ. ಮನೆಯವು."

ಅವಳು ಆಮೇಲೆ ತಮಾಷೆ ಮಾಡಲಿಲ್ಲ. ಕಪಾಟು ತೆರೆದು ಹೊದಿಕೆಗಳ ಕೆಳಗೆ ಇಟ್ಟಳು. ತಿಂಗಳಿಗೊಮ್ಮೆ ಬಂದು ಒಯ್ಯುತ್ತೇನೆ, ಹೊಸದನ್ನು ಸೇರಿಸಿ ತಂದಿಡುತ್ತೇನೆ, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂದೆ.

"ನಿನ್ನ ಆಸ್ತಿ ಯಾರು ಮುಟ್ತಾರೋ, ಹೋಗೋ," ಅಂದಳು.

ಮಾರ್ಚ್ ೯, ಭಾನುವಾರ

ಡಿಸ್ಕ್ ಮನೆಗೆ ತಂದೆ. ನನ್ನ ಕ್ರಮ ಇದು: ಪ್ರೋಗ್ರಾಮು ಲ್ಯಾಪ್‌ಟಾಪಿನಲ್ಲಿರುವ ಮೂಲವನ್ನೂ ಡಿಸ್ಕನ್ನೂ ಹೋಲಿಸುತ್ತದೆ. ಮೂಲದಲ್ಲಿದ್ದು ಡಿಸ್ಕಿನಲ್ಲಿ ಇಲ್ಲದ್ದನ್ನು ಸೇರಿಸುತ್ತದೆ. ಡಿಸ್ಕಿನಲ್ಲಿ ಹೆಚ್ಚಿಗೆ ಇರುವುದನ್ನು ಅಳಿಸುತ್ತದೆ. ಕೊನೆಗೆ ಎರಡೂ ಕನ್ನಡಿಯ ಹಾಗೆ ಒಂದೇ. ಅಳಿಸುವ ಮೊದಲು ಪಟ್ಟಿ ತೋರಿಸಿ, ಖಚಿತವೇ ಎಂದು ಕೇಳುತ್ತದೆ.

ಈ ಸಲ ಪಟ್ಟಿಯಲ್ಲಿ ಒಂದಷ್ಟು ಫೋಟೋಗಳಿದ್ದವು. ಹೆಸರುಗಳೆಲ್ಲ ನನ್ನ ಕ್ರಮದಲ್ಲೇ ಇದ್ದವು. ಜಾಗದ ಕಡೆ 'ಮನೆ' ಎಂದಿತ್ತು. ಡಿಸ್ಕ್ ಕೆಟ್ಟ ಗಡಿಬಿಡಿಯಲ್ಲಿ ಈ ವರ್ಷದ ಕಡತಗಳನ್ನು ಮತ್ತೆ ಜೋಡಿಸಿದ್ದೆ, ಆಗ ಉಳಿದುಹೋದ ಹಳೆಯ ಚೂರುಗಳಿರಬೇಕು. ಹೌದು ಒತ್ತಿದೆ. ಅಳಿಸಿತು.

ಆಮೇಲೆ ಡಿಸ್ಕಿನ ಆರೋಗ್ಯ ನೋಡಿದೆ. ರಿಪೇರಿಯಾಕೆ ಹೇಳಿಕೊಟ್ಟ ವಿದ್ಯೆ. ಯಾವ ವೈರಿಗೆ ಸಿಕ್ಕಿಸಿದರೂ, ಎಷ್ಟು ಬಾರಿ ಸಿಕ್ಕಿಸಿದರು ಎಂದು ಡಿಸ್ಕ್ ತನ್ನೊಳಗೆ ಎಣಿಸಿಕೊಂಡಿರುತ್ತದೆ. ಅದನ್ನು ಯಾರೂ ತಿದ್ದಲಾಗದು. ನಾನು ಸಿಕ್ಕಿಸಿದ್ದು ಎರಡು ಸಲ. ಎಣಿಕೆ ಆರು ತೋರಿಸುತ್ತಿದೆ.

ಯಾರೋ ನೋಡುತ್ತಿದ್ದಾರೆ.

ಮಾರ್ಚ್ ೧೨, ಬುಧವಾರ

ಡಿಸ್ಕ್ ವಾಪಸು ಇಡಲು ಹೋದಾಗ ಭಾವನನ್ನು ನೇರವಾಗಿ ಕೇಳಿದೆ.

"ನಾನಾ? ನನ್ನ ಫೋನಲ್ಲೇ ನನ್ನ ಫೋಟೋ ಹುಡುಕೋಕೆ ಬರಲ್ಲ ಮಾರಾಯ."

"ಹುಡುಕಿದ್ದೀರಿ ಅನ್ನಲಿಲ್ಲ. ಮುಟ್ಟಿದಿರಾ ಅಂತ ಕೇಳಿದೆ."

ಅವನು ನನ್ನನ್ನು ನೋಡಲಿಲ್ಲ, ಅಕ್ಕನನ್ನು ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಅಕ್ಕ ಪಾತ್ರೆಗಳನ್ನು ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡುತ್ತ ಎತ್ತಿಟ್ಟಳು.

ಇಬ್ಬರ ಎದುರೇ ಡಬ್ಬಿಯ ಮುಚ್ಚಳಕ್ಕೆ ಟೇಪು ಅಂಟಿಸಿ, ಟೇಪಿನ ಮೇಲೆ ಸಹಿ ಮಾಡಿದೆ.

"ಸೀಲ್ ಬೇರೆ," ಅಂದಳು ಅಕ್ಕ. "ನನ್ನ ಹಣೆ ಮೇಲೂ ಒಂದು ಹಾಕ್ಬಿಡು."

ಮಾರ್ಚ್ ೨೦, ಗುರುವಾರ

ಬಟ್ಟೆ ಅಂಗಡಿಯ ಬೆಂಕಿ. ಗೋಡೆಯ ಕಪಾಟು ತುಂಬ ಮಾಲಿತ್ತು ಎಂದು ಮಾಲೀಕ ಕಣ್ಣೀರು ಹಾಕಿದ. ಕಪಾಟಿನ ಹಲಗೆಗಳ ಮೇಲೆಲ್ಲ ಮಸಿ ಸಮವಾಗಿ ಕೂತಿದೆ. ಬಟ್ಟೆ ಇದ್ದಿದ್ದರೆ ಅದರ ಅಡಿಯ ಜಾಗ ಬಿಳಿಯಾಗಿ ಉಳಿಯಬೇಕಿತ್ತು. ಬರೆದುಕೊಂಡೆ.

ಹೊರಬರುವಾಗ ಮೆಟ್ಟಿಲ ತಿರುವಿನಲ್ಲಿ ಒಡೆದ ಗಾಜಿನಿಂದ ಬಿಸಿಲು ಬಿದ್ದಿತ್ತು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಮಡಿಸಿಟ್ಟ ಹಾಗೆ. ಒಂದು ಫೋಟೋ ತೆಗೆದೆ. ಅದರಲ್ಲಿ ನಷ್ಟವೇನೂ ಇಲ್ಲ. ಆಫೀಸಿನ ವರದಿಗೆ ಬರುವುದಿಲ್ಲ. ಮನೆಯ ಕಡತಕ್ಕೆ ಹಾಕಿದೆ.

ಮಾರ್ಚ್ ೨೯, ಶನಿವಾರ

ವಾರವಿಡೀ ಸಂಜೆ ಫೋಟೋಗಳನ್ನು ಓರಣ ಮಾಡುವುದೇ ಆಯಿತು. ಮಸುಕಾದವು, ಒಂದೇ ಥರದ ಹತ್ತು, ಯಾರದೋ ಬೆನ್ನು: ಎಲ್ಲ ತೆಗೆದೆ. ಕೆಲವಕ್ಕೆ ಎರಡು ಸಾಲಿನ ಟಿಪ್ಪಣಿ ಬರೆದೆ. ಯಾವ ಸೈಕಲ್ಲು, ಯಾವ ಮೇಷ್ಟ್ರು, ಅಳುತ್ತಿರುವುದೇಕೆ. ಕದ್ದು ನೋಡುವವನು ಯಾರೇ ಆಗಲಿ, ಕಸದ ರಾಶಿ ನೋಡುವುದು ಬೇಡ.

ಏಪ್ರಿಲ್ ೬, ಭಾನುವಾರ

ಟೇಪು ಇದ್ದ ಹಾಗೇ ಇದೆ. ಸಹಿ ಒಡೆದಿಲ್ಲ. ಟೇಪು ಕತ್ತರಿಸಿ, ಡಿಸ್ಕ್ ಸಿಕ್ಕಿಸಿ ನೋಡಿದರೆ ಎಣಿಕೆ ಮಾತ್ರ ಏರಿದೆ.

ಬಹಳ ಹೊತ್ತು ಡಬ್ಬಿಯನ್ನು ತಿರುಗಿಸಿ ನೋಡಿದೆ. ಕೊನೆಗೆ ಸಿಕ್ಕಿತು: ತಳದ ಅಂಟನ್ನು ಹಬೆ ಹಿಡಿದು ಬಿಡಿಸಿ, ಡಿಸ್ಕ್ ತೆಗೆದು, ಮತ್ತೆ ಅಂಟಿಸಿದ್ದಾರೆ. ಅಂಚಿನಿಂದ ಅಂಚಿಗೆ, ಒಂದು ಸುಕ್ಕಿಲ್ಲದೆ. ಇದು ಭಾವನ ಕೆಲಸವಲ್ಲ. ಅವನಿಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚುವಷ್ಟೂ ತಾಳ್ಮೆ ಇಲ್ಲ. ಅಕ್ಕನಿಗೆ ಈ ಯೋಚನೆಯೇ ಬಾರದು. ಇದನ್ನು ಮಾಡಿದವರು ನನ್ನ ಹಾಗೆ ಯೋಚಿಸುವವರು. ಅಂಥ ಒಬ್ಬರು ಅಕ್ಕನ ಮನೆಗೆ ಬಂದುಹೋಗುತ್ತಿದ್ದಾರೆ, ಅಕ್ಕ ಮುಚ್ಚಿಡುತ್ತಿದ್ದಾಳೆ.

ಹೆಂಡತಿ ಕಳಿಸಿದ ಯಾರೋ ಇರಬೇಕು. ಪ್ರತಿ ಕೊಡದಿದ್ದಕ್ಕೆ ಈ ದಾರಿ.

ಪ್ರೋಗ್ರಾಮು ಈ ಸಲವೂ ಹೆಚ್ಚಿಗೆ ಇರುವ ಫೋಟೋಗಳ ಪಟ್ಟಿ ಕೊಟ್ಟಿತು, ಹಿಂದಿಗಿಂತ ಉದ್ದ. ಹೆಸರುಗಳು ನನ್ನವೇ. ನಾನೇ ವಾರವಿಡೀ ಕೂತು ತೆಗೆದುಹಾಕಿದ್ದೇನಲ್ಲ, ಅವೇ ಇವು. ತಲೆ ಕಳ್ಳನ ಕಡೆ ಇತ್ತು. ಹೌದು ಒತ್ತಿ ಮುಂದೆ ಹೋದೆ.

ಕೊನೆಗೆ ಡಿಸ್ಕಿಗೆ ಗುಪ್ತಪದದ ಬೀಗ ಹಾಕಿದೆ. ಯಾರಿಗೂ ಹೇಳಲಿಲ್ಲ. ಸಂಜೆಗೆ ಮುಂಚೆ ಒಯ್ದು ಅಕ್ಕನ ಕಪಾಟಿನಲ್ಲಿಟ್ಟು ಬಂದೆ. ಇನ್ನು ಬಾಗಿಲು ಬಡಿಯುವವರು ತಾವೇ ಸದ್ದು ಮಾಡುತ್ತಾರೆ.

ಏಪ್ರಿಲ್ ೧೩, ಭಾನುವಾರ

ಮಧ್ಯಾಹ್ನ ಅಕ್ಕನ ಫೋನು.

"ಅದಕ್ಕೆ ಬೀಗ ಹಾಕಿದ್ಯಂತೆ?"

"ನಿನಗೆ ಹೇಗೆ ಗೊತ್ತಾಯ್ತು?"

ಗೆದ್ದೆ ಅಂದುಕೊಂಡೆ.

"ಯಾರು ಅಕ್ಕ? ಯಾರು ಬರ್ತಿದಾರೆ? ಅವಳು ಯಾರನ್ನ ಕಳಿಸ್ತಿದಾಳೆ?"

"ಯಾರನ್ನೂ ಕಳಿಸ್ತಿಲ್ಲ ಕಣೋ ಪಾಪಿ. ಪುಟ್ಟಿ ಬರ್ತಾಳೆ. ನಿನ್ನ ಮಗಳು. ಕಾಲೇಜು ಮುಗಿಸಿ ಬಂದು, ಒಳಗಿನ ಕೋಣೇಲಿ ಕೂತು ನೋಡ್ಕೊಂಡು ಹೋಗ್ತಾಳೆ. ಸೋದರತ್ತೆ ಮನೆಗೆ ಬರಬೇಡ ಅನ್ನಲಾ?"

ನಾನು ಕುರ್ಚಿ ಎಳೆದು ಕೂತೆ.

"ಇವತ್ತು ಬೀಗ ನೋಡಿ ಸುಮ್ನೆ ಎದ್ದಳು. ನೀರು ಕೂಡ ಕುಡೀಲಿಲ್ಲ. ಪ್ರತಿ ಸಲ ತನ್ನ ಫೋಟೋ ಹಾಕಿ ಹೋಗ್ತಿದ್ಲಂತೆ ನಿನಗೆ ಸಿಗಲಿ ಅಂತ. ನೀನು ಪ್ರತಿ ಸಲ ಅಳಿಸಿ ಕಳಿಸ್ತೀಯಂತೆ. ಅಳಿಸಿದ್ದು ಸಾಲದು ಅಂತ ಈಗ ಬಾಗಿಲೂ ಹಾಕಿದ ಅಂದ್ಲು. ನಂಗಂತೂ ನಿನ್ನ ತಮ್ಮ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ."

"ನಿನ್ನ ಅಲ್ಲ, ನನ್ನ ತಮ್ಮ ಅನ್ನಬೇಕು," ಎಂದು ತಿದ್ದಿದೆ. ಅವಳು ಫೋನಿಟ್ಟಳು.

ಏಪ್ರಿಲ್ ೧೪, ಸೋಮವಾರ

ರಜೆ ಹಾಕಿದೆ. ಅಕ್ಕನ ಮನೆಯಿಂದ ಡಿಸ್ಕ್ ತಂದು ರಿಪೇರಿಯಾಕೆಗೆ ಕೊಟ್ಟೆ. ಅಳಿಸಿಹೋದದ್ದು ಬರುತ್ತದೆಯೇ?

"ಅದರ ಮೇಲೆ ಬೇರೇದು ಬರೆದಿದ್ದೀರಾ?"

"ಬೀಗ ಹಾಕಿದ್ದೆ. ಅದು ಇಡೀ ಡಿಸ್ಕನ್ನು ಮತ್ತೆ ಬರೆಯುತ್ತಿದ್ದಾಗ ಅರ್ಧದಲ್ಲಿ ನಿಲ್ಲಿಸಿ ಒಯ್ದೆ. ಅವಸರವಿತ್ತು."

"ಅವಸರ ಒಳ್ಳೇದೇ ಆಯ್ತು. ನೋಡೋಣ. ಏನಿತ್ತು ಅದರಲ್ಲಿ?"

ಗೊತ್ತಿಲ್ಲ ಎಂದೆ. ನಷ್ಟ ಏನೆಂದು ಗೊತ್ತಿಲ್ಲದೆ ಅರ್ಜಿ ಹಾಕುವವರನ್ನು ನಾನು ಬಾಗಿಲಿಂದಲೇ ಕಳಿಸುತ್ತೇನೆ.

ಏಪ್ರಿಲ್ ೧೯, ಶನಿವಾರ

ಕೆಲವು ಬಂದವು. ಹೆಚ್ಚಿನವು ತೆರೆಯುವುದೇ ಇಲ್ಲ. ತೆರೆದವು ಅರ್ಧರ್ಧ: ಮೇಲೆ ಚಿತ್ರ, ಕೆಳಗೆ ಬೂದು ಬಣ್ಣ.

ಒಂದು ಕಿಟಕಿಯ ಮೇಲ್ಭಾಗ. ಹಿಂದಿನಿಂದ ತೆಗೆದ ಹೆಂಡತಿಯ ತಲೆ, ಏನನ್ನೋ ನೋಡಿ ನಗುತ್ತಿರುವಂತಿದೆ, ಬಾಯಿ ಬೂದಿನೊಳಗೆ. ಕನ್ನಡಿಯಲ್ಲಿ ಮಗಳ ಹಣೆ, ಕತ್ತರಿಸಿದ ಕೂದಲು. ಅವಳಿಗೆ ಮೊಣಕೈವರೆಗೆ ಕೂದಲಿತ್ತು.

ಹೆಸರುಗಳನ್ನು ಮತ್ತೆ ಓದಿದೆ. ವರ್ಷ, ತಿಂಗಳು, ಮನೆ, ಸಂಖ್ಯೆ. ಒಂದು ಸಂಖ್ಯೆಯೂ ತಪ್ಪಿಲ್ಲ. ನನ್ನ ಕೊನೆಯ ಫೋಟೋದ ಸಂಖ್ಯೆ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದಕ್ಕೆ ಎಣಿಸಿದ್ದಾಳೆ.

ಏಪ್ರಿಲ್ ೨೭, ಭಾನುವಾರ

ಅಕ್ಕ ಕರೆಸಿದಳು. ಮಗಳು ಬಾಲ್ಕನಿಯಲ್ಲಿ ಕೂತಿದ್ದಳು. ಪ್ರೋಗ್ರಾಮು ಹೇಗೆ ಕೆಲಸ ಮಾಡುತ್ತದೆ ಎಂದು ಕಾಗದದ ಮೇಲೆ ಬಾಣದ ಗುರುತು ಹಾಕಿ ವಿವರಿಸಿದೆ. ಪೂರ್ತಿ ಕೇಳಿದಳು.

"ಅಳಿಸೋ ಮುಂಚೆ ಅದು ಕೇಳುತ್ತಾ?"

"ಕೇಳುತ್ತೆ."

"ಪ್ರತಿ ಸಲಾನೂ?"

"ಹೂಂ."

"ನೀವೇನಂದ್ರಿ?"

"ಹೌದು ಅಂದೆ. ಹೆಸರೆಲ್ಲ ನನ್ನವೇ ಥರ ಇದ್ದವು, ಅದಕ್ಕೆ..."

"ನೀವು ಕಲಿಸಿದ್ದೇ ಹಾಗೆ. ಅಡ್ಡಾದಿಡ್ಡಿ ಹೆಸರಿಟ್ಟಿದ್ರೆ ತೆರೆದು ನೋಡ್ತಿದ್ರಿ, ಅಲ್ವಾ?"

"ನೋಡ್ತಿದ್ದೆ."

"ಕಳ್ಳರದು ಅಂತ."

ಒಳಗಿನಿಂದ ಭಾವ, "ಭೂತಗನ್ನಡೀಲಿ ತೀರಾ ಹತ್ತಿರದ್ದು ಮಸುಕು ಕಣಮ್ಮ" ಎಂದ. ಅಕ್ಕ ಅವನ ಬಾಯಿ ಮುಚ್ಚಿಸಿದ್ದು ಕೇಳಿಸಿತು.

ಆ ಫೋಟೋಗಳು ಅವಳ ಫೋನಿನಲ್ಲಿರಬೇಕು, ಮತ್ತೆ ಕೊಡು ಎಂದೆ.

"ಇವೆ. ಆದ್ರೆ ಹೀಗೆ ಕೊಡಲ್ಲ. ಇನ್ಮೇಲೆ ಮೂಲ ನನ್ನ ಹತ್ರ ಇರಲಿ. ನಿಮ್ಮದು ಪ್ರತಿ. ಬಾಣ ಈ ಕಡೆಯಿಂದ ಬರೀರಿ."

"ಅಂದರೆ ನೀನು ಅಳಿಸಿದ್ದು ನನ್ನಲ್ಲೂ ಅಳಿಸಿಹೋಗುತ್ತೆ."

"ಹೋಗುತ್ತೆ."

"ಏನು ಅಳಿಸ್ತೀಯಾ?"

"ನನ್ನವು ಕೆಲವು. ಅಳ್ತಿದ್ದಾಗ ತೆಗೆದಿದ್ದು. ನಿದ್ದೇಲಿ ತೆಗೆದಿದ್ದು. ಬಾಗಿಲ ಸಂದಿಯಿಂದ ತೆಗೆದಿದ್ದು."

"ಯಾವುವು ಅಂತ ಹೇಳು, ನಾನೇ ತೆಗೀತೀನಿ."

"ಹೇಳಲ್ಲ."

ಯೋಚಿಸುತ್ತೇನೆ ಎಂದೆ. ಮೂರನೆಯ ಡಿಸ್ಕಿನ ಬೀಗ ತೆಗೆದು ಅವಳ ಕೈಗೆ ಕೊಟ್ಟು ಬಂದೆ. ನೋಡಲು ಕೊಡುವುದು ಬೇರೆ, ನನ್ನಲ್ಲಿರುವುದನ್ನು ಅಳಿಸಲು ಬಿಡುವುದು ಬೇರೆ.

ಏಪ್ರಿಲ್ ೨೮, ಸೋಮವಾರ

ವಕೀಲರ ಉಪಾಯವೇ ಇರಬಹುದಲ್ಲ? ಮಗಳ ಬಾಯಲ್ಲಿ ಹೇಳಿಸಿದರೆ ನಾನು ಇಲ್ಲವೆನ್ನಲಾರೆ ಎಂದು ಅವರಿಗೆ ಗೊತ್ತು.

ಮೇ ೨, ಶುಕ್ರವಾರ

ಇನ್ನೊಂದು ಡಿಸ್ಕ್ ಕೊಂಡು ಎಲ್ಲವನ್ನೂ ಅದಕ್ಕೆ ನಕಲು ಮಾಡಿದೆ. ಆಫೀಸಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅವಳು ಬೇಕಾದ್ದನ್ನು ಅಳಿಸಲಿ. ನಾಲ್ಕನೆಯದು ಇರುವುದು ಅವಳಿಗೆ ತಿಳಿಯಬೇಕಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಒಪ್ಪಿಗೆ ಎಂದು ಸಂದೇಶ ಕಳಿಸಿದೆ. "ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನದು. ಮನೆಗೆ ಬನ್ನಿ" ಎಂದು ಉತ್ತರ.

ಮೇ ೭, ಬುಧವಾರ

ಒಂದು ಹಳೆಯ ಫೋಟೋದಲ್ಲಿ ಮಗಳು, ಆರು ವರ್ಷದವಳು, ಸೋಫಾದ ಮೇಲೆ ನಿದ್ದೆ ಹೋಗಿದ್ದಾಳೆ. ಒಂದೇ ಕಾಲುಚೀಲ. ಬಾಯಿ ತೆರೆದಿದೆ.

ಇದು ಹೋಗುತ್ತದೆಯೇ?

ಮೇ ೧೧, ಭಾನುವಾರ

ಮೂರನೇ ಮಹಡಿ. ಲ್ಯಾಪ್‌ಟಾಪು, ಮನೆಯ ಡಿಸ್ಕು ಚೀಲದಲ್ಲಿ. ಹೆಂಡತಿ ಬಾಗಿಲು ತೆರೆದು, "ಊಟ ಇಲ್ಲೇ ಮಾಡ್ಕೊಂಡು ಹೋಗಿ" ಎಂದಷ್ಟೇ ಹೇಳಿ ಒಳಗೆ ಹೋದಳು. ವಕೀಲರ ವಿಷಯ ಕೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ. ಅಷ್ಟರಲ್ಲಿ ಮಗಳು ತನ್ನ ಕೋಣೆಗೆ ಕರೆದಳು.

ಕಿಟಕಿ ಅದೇ. ಅದರ ಕೆಳಗೆ, ಚಿತ್ರದಲ್ಲಿ ಬೂದು ಬಣ್ಣವಿದ್ದ ಕಡೆ, ಒಂದು ತಗ್ಗಿನ ಮೇಜು, ಎರಡು ಹೂಕುಂಡ. ಒಂದರಲ್ಲಿ ಗಿಡ ಇಲ್ಲ.

ಅವಳು ಎರಡು ವಾರ ಕೂತು ಫೋಟೋಗಳನ್ನು ಆರಿಸಿದ್ದಾಳೆ. ನನ್ನ ಟಿಪ್ಪಣಿಗಳನ್ನು ಓದಿದ್ದಾಳೆ. ಎರಡು ಕಡೆ ಮೇಷ್ಟ್ರ ಹೆಸರು ತಪ್ಪಿತ್ತು, ತಿದ್ದಿದ್ದಾಳಂತೆ.

"ಈ ಮೆಟ್ಟಿಲು ಎಲ್ಲಿದು?" ಎಂದಳು.

"ಸುಟ್ಟ ಅಂಗಡೀದು."

"ಚೆನ್ನಾಗಿದೆ. ಇಟ್ಟಿದ್ದೀನಿ." ವೈರು ಸಿಕ್ಕಿಸುತ್ತ ಕೇಳಿದಳು, "ಬೇರೆ ಪ್ರತಿ ಇದೆಯಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ ಚೀಲದ ತಳದಿಂದ ನಾಲ್ಕನೆಯದನ್ನು ತೆಗೆದು ಮೇಜಿನ ಮೇಲಿಟ್ಟೆ. ಮೊನ್ನೆ ಶುಕ್ರವಾರ ಆಫೀಸಿನಿಂದ ಹೊರಡುವಾಗ ಅದನ್ನು ಚೀಲಕ್ಕೆ ಯಾಕೆ ಹಾಕಿಕೊಂಡೆನೋ, ತಿಳಿಯದು.

"ಗೊತ್ತಿತ್ತು," ಎಂದು ನಕ್ಕಳು. "ಐದನೇದು?"

"ಇಲ್ಲ."

ನನ್ನ ಮುಖ ನೋಡಿದಳು. "ಸರಿ." ಚೀಲದ ಕಡೆ ತಿರುಗಿಯೂ ನೋಡಲಿಲ್ಲ.

ಎಲ್ಲವನ್ನೂ ಸಿಕ್ಕಿಸಿ ಪ್ರೋಗ್ರಾಮು ಓಡಿಸಿ, "ಕೊನೇದು ನೀನೇ ಒತ್ತು" ಎಂದು ಎದ್ದುಹೋದಳು. ಹೋಲಿಕೆ ಮುಗಿಯಲು ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದ ಕೋಣೆಯಲ್ಲಿ ತಟ್ಟೆಗಳ ಸದ್ದು, ತಾಯಿ ಮಗಳು ಯಾವುದಕ್ಕೋ ವಾದ ಮಾಡುತ್ತಿದ್ದರು. ಸೇರಿಸುವ ಪಟ್ಟಿ ಬಂತು. ಅದರ ಕೆಳಗೆ ಅಳಿಸುವ ಪಟ್ಟಿ. ಉದ್ದವಿತ್ತು, ಪರದೆಯಿಂದ ಕೆಳಗೂ ಇಳಿದಿತ್ತು. ಖಚಿತವೇ ಎಂದು ಕೇಳಿತು.

"ಅಪ್ಪಾ, ಬಾ, ಆರಿಹೋಗುತ್ತೆ!"

ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೌದು ಒತ್ತಿ ಎದ್ದೆ. ಪಟ್ಟಿ ಓದಲು ಪುರುಸೊತ್ತಾಗಲಿಲ್ಲ.